ವರ್ಷಕ್ಕೊಮ್ಮೆ ನನ್ನ ಅಂಗಡಿ ಮುಚ್ಚಿಸುವವಳು

ವರ್ಷಕ್ಕೊಮ್ಮೆ ಒಂದಷ್ಟು ಹುಡುಗರು ಹುಡುಗಿಯರು ನನ್ನ ಟೈಲರ್ ಅಂಗಡಿಗೆ ಬರುತ್ತಾರೆ. ಅತ್ತ ಇತ್ತ ನೋಡುತ್ತಾರೆ, ಮೂಲೆಯಲ್ಲಿ ನಿಂತು ಗುಸುಗುಸು ಮಾತಾಡುತ್ತಾರೆ, ಕೊನೆಗೆ ನನ್ನ ಮುಖಕ್ಕೇ ಹೇಳುತ್ತಾರೆ: ‘ಸಾರ್, ಈ ಅಂಗಡಿ ಮುಚ್ಚೋದೇ ಒಳ್ಳೇದು.’ ಅವರನ್ನು ಕರೆದುಕೊಂಡು ಬರುವವಳು ಬೇರೆ ಯಾರೂ ಅಲ್ಲ, ನನ್ನ ಹೆಂಡತಿ.

ಮೊದಲ ಸಲ ನನಗೆ ಮೈಯೆಲ್ಲ ಉರಿದುಹೋಗಿತ್ತು. ಅಪ್ಪನ ಕಾಲದ ಅಂಗಡಿ. ಅಪ್ಪನ ಕೈ ತಾಗಿ ತಾಗಿ ಕಪ್ಪಾದ ಕಟಿಂಗ್ ಮೇಜು, ಅವನೇ ಎಣ್ಣೆ ಬಿಡುತ್ತಿದ್ದ ಮಿಷನ್ನು. ಮೀಸೆ ಇನ್ನೂ ಸರಿಯಾಗಿ ಬಾರದ ಹುಡುಗ ಬಂದು ‘ಮುಚ್ಚಿ’ ಅಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಆವತ್ತು ರಾತ್ರಿ ನಾನು ಊಟದ ತಟ್ಟೆಯ ಮುಂದೆ ಮುಖ ಊದಿಸಿಕೊಂಡು ಕೂತಿದ್ದೆ. ಈಗ ಅಭ್ಯಾಸವಾಗಿದೆ. ‘ಈ ವರ್ಷ ಯಾವ ಭಾನುವಾರ ಮುಚ್ಚೋದಮ್ಮ?’ ಎಂದು ನಾನೇ ಕೇಳಿ, ಎಲ್ಲರಿಗೂ ಟೀ ಹೇಳಿ, ಬೆಂಚು ಒರೆಸಿಡುತ್ತೇನೆ.

ಇವಳು ಕಾಲೇಜಿನಲ್ಲಿ ಅಕೌಂಟ್ಸ್ ಓದುವ ಮಕ್ಕಳಿಗೆ ಬಿಸಿನೆಸ್ ಸ್ಟ್ರಾಟಜಿ ಕಲಿಸುತ್ತಾಳೆ. ಆ ಹೆಸರು ನನ್ನ ನಾಲಿಗೆಗೆ ಸರಿಯಾಗಿ ಹೊಂದಿಕೊಳ್ಳಲು ವರ್ಷಗಳೇ ಬೇಕಾದವು. ನನಗೆ ಅರ್ಥವಾಗಿರುವಷ್ಟು ಹೇಳುತ್ತೇನೆ. ಅಕೌಂಟ್ಸ್ ಅಂದರೆ ಆಗಿಹೋದದ್ದನ್ನು ಸರಿಯಾಗಿ ಬರೆದಿಡುವುದು. ಸ್ಟ್ರಾಟಜಿ ಅಂದರೆ ತಲೆ ಎತ್ತಿ, ಮುಂದೆ ಏನು ಎಂದು ಕೇಳುವುದು. ಇವಳು ಕೇಳುವುದು ಅದಕ್ಕಿಂತ ಒಂದು ಹೆಜ್ಜೆ ಆಚೆ. ‘ಏನೇನು ಮಾಡ್ತೀರಿ ಅಂತ ಎಲ್ಲರೂ ಹೇಳ್ತಾರೆ. ಏನು ಬಿಡ್ತೀರಿ? ಅದನ್ನ ಹೇಳಿ.’ ಇದೇ ಅವಳ ಮೊದಲ ಪಾಠ, ಕೊನೆಯ ಪಾಠವೂ ಇದೇ.

ಆ ಪಾಠಕ್ಕೆಂದೇ ಮಕ್ಕಳನ್ನು ನನ್ನ ಅಂಗಡಿಗೆ ಕರೆತಂದಾಗ ಒಂದು ಕಟ್ಟುನಿಟ್ಟು ಇದೆ. ಬಾಗಿಲ ಹತ್ತಿರ ನನ್ನ ಬಟನ್ ಡಬ್ಬ ಇಟ್ಟಿರುತ್ತಾಳೆ, ಎಲ್ಲರೂ ಕ್ಯಾಲ್ಕ್ಯುಲೇಟರನ್ನು ಅದರೊಳಗೆ ಹಾಕಿಯೇ ಒಳಗೆ ಬರಬೇಕು. ಆ ಮಕ್ಕಳ ಮುಖ ನೋಡಬೇಕು ನೀವು. ಕನ್ನಡಕ ಕಿತ್ತುಕೊಂಡ ಹಾಗೆ ತಡಬಡಾಯಿಸುತ್ತಾರೆ. ಆದರೂ ಕ್ಯಾಲ್ಕ್ಯುಲೇಟರ್ ಇಲ್ಲದೆಯೇ ಅವರಿಗೆ ಒಂದು ವಿಷಯ ಬೇಗ ಗೊತ್ತಾಗಿಬಿಡುತ್ತದೆ: ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಿಸುವುದು, ಹರಿದ ಕಾಲರ್ ತಿರುಗಿಸುವುದು, ಇಂಥ ಆಲ್ಟರೇಶನ್ ಕೆಲಸದಲ್ಲೇ ನನ್ನ ಅರ್ಧ ದಿನ ಹೋಗುತ್ತದೆ, ಗಿಟ್ಟುವುದು ಅಷ್ಟಕ್ಕಷ್ಟೆ. ‘ಆಲ್ಟರೇಶನ್ ಬಿಡಿ ಸಾರ್’ ಎನ್ನುತ್ತಾರೆ. ಅದನ್ನು ಬಿಡದಿದ್ದರೆ ಅಂಗಡಿಯನ್ನೇ ಬಿಡಿ ಎಂಬುದು ಅವರ ತೀರ್ಪು.

ಆಗ ಇವಳು ಒಂದೇ ಮಾತು ಕೇಳುತ್ತಾಳೆ. ‘ಯಾಕೆ?’ ಅವರು ಹೇಳುತ್ತಾರೆ. ‘ಮತ್ತೆ ನೋಡಿ’ ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಉತ್ತರ ಹೇಳುವುದಿಲ್ಲ. ಕೆಲವರು ಆಮೇಲೂ ಆಗಾಗ ತಾವಾಗೇ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಪ್ಯಾಂಟ್ ಗಿಡ್ಡ ಮಾಡಿಸಲು ಬಂದ ಮನುಷ್ಯ ಮುಂದಿನ ತಿಂಗಳು ಮಗನ ಮದುವೆಯ ಕೋಟಿನ ಬಟ್ಟೆ ತಂದದ್ದನ್ನು ನೋಡಿ ಕೆಲವರಿಗೆ ಏನೋ ಹೊಳೆಯುತ್ತದೆ. ಕೆಲವರಿಗೆ ಹೊಳೆಯುವುದಿಲ್ಲ. ಅವರನ್ನೇಕೆ ಅನ್ನಲಿ, ನನಗೇ ಹೊಳೆದಿರಲಿಲ್ಲ. ‘ಯಾಕ್ ಸಾರ್ ಆಲ್ಟರೇಶನ್ ಮಾಡ್ತೀರಾ?’ ಎಂದು ಒಬ್ಬ ಕೇಳಿದಾಗ, ‘ಜನ ಬಂದು ಕೇಳಿದರೆ ಇಲ್ಲ ಅನ್ನೋಕೆ ನಾಚಿಕೆಯಪ್ಪ’ ಎಂದಿದ್ದೆ. ಇವಳು ಬಿದ್ದು ಬಿದ್ದು ನಕ್ಕಳು. ‘ಬರ್ಕೊಳ್ಳಿ. ಮಾಡೋ ಕೆಲಸ ಸರಿ, ಕಾರಣ ಮಾತ್ರ ತಪ್ಪು. ಎಷ್ಟೋ ಅಂಗಡಿ ಹೀಗೇ ನಡೀತಿರ್ತವೆ.’

ಇಲ್ಲ ಅನ್ನಲು ನಾಚಿಕೆ ಪಡುವವರನ್ನು ಅವಳು ನನಗಿಂತ ಮುಂಚೆಯೇ ಕಂಡಿದ್ದಳು. ಮದುವೆಗೆ ಮೊದಲು ಅವಳು ಒಂದು ಕೊಡೆ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಯಜಮಾನ ಬಂಗಾರದಂಥ ಮನುಷ್ಯ, ಯಾರು ಏನು ಕೇಳಿದರೂ ಆಗಲಿ ಎನ್ನುವವನು. ಕೊಡೆ ಮಾಡುತ್ತಿದ್ದವರು ರೇನ್‌ಕೋಟು ಶುರು ಮಾಡಿದರು, ಆಮೇಲೆ ಬ್ಯಾಗು, ಆಮೇಲೆ ಟೆಂಟು, ಆಮೇಲೆ ನಾಯಿಗೂ ಒಂದು ರೇನ್‌ಕೋಟು. ಒಂದೊಂದರ ಲೆಕ್ಕವೂ ಇವಳು ಬರೆದದ್ದು ಅಚ್ಚುಕಟ್ಟಾಗಿತ್ತು. ಕಂಪನಿ ಬಾಗಿಲು ಹಾಕಿದ ದಿನವೂ ಎರಡು ಕಡೆಯ ಮೊತ್ತ ಸರಿಯಾಗಿ ತಾಳೆಯಾಗಿತ್ತಂತೆ. ಯಜಮಾನ ಕಣ್ಣು ಒರೆಸಿಕೊಂಡು, ‘ನಿನ್ನಷ್ಟು ಚೆನ್ನಾಗಿ ಲೆಕ್ಕ ಬರೆಯೋರು ಯಾರೂ ಇಲ್ಲ ಮಗು’ ಎಂದನಂತೆ. ಆ ಹೊಗಳಿಕೆ ಅವಳಿಗೆ ಇವತ್ತಿಗೂ ಜೀರ್ಣವಾಗಿಲ್ಲ. ‘ಎಲ್ಲ ನನ್ನ ಕಣ್ಣ ಮುಂದೇನೇ ಇತ್ತು ರೀ. ನಾನು ಕೂಡ್ತಾ ಕೂತಿದ್ದೆ, ಒಂದು ಸಲ ತಲೆ ಎತ್ತಿ ಕೇಳಲಿಲ್ಲ’ ಎನ್ನುತ್ತಾಳೆ. ಆಮೇಲೆ ಮತ್ತೆ ಓದಿದಳು, ಪಾಸು ಮಾಡಿದಳು, ಮೇಡಂ ಆದಳು.

ಅಕೌಂಟ್ಸ್ ಮಕ್ಕಳ ತಲೆ ಎತ್ತಿಸುವುದು ಸುಲಭವಲ್ಲ. ಅವರಿಗೆ ಎಲ್ಲವೂ ತಾಳೆಯಾಗಬೇಕು. ಔಷಧಿ ಅಂಗಡಿಯಲ್ಲಿ ಹಗಲೆಲ್ಲ ನಿಂತು ಸಂಜೆ ಕ್ಲಾಸಿಗೆ ಬರುವ ಒಬ್ಬ ಹುಡುಗಿ ಇದ್ದಾಳೆ. ಬರೆದ ಯಾವುದೇ ಉತ್ತರದ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆಯದಿದ್ದರೆ ಅವಳಿಗೆ ಸಮಾಧಾನವಿಲ್ಲ. ಡಬಲ್ ಗೆರೆ ಎಂದೇ ಅವಳ ಹೆಸರು. ಒಂದು ಕಂಪನಿಯ ಗಟ್ಟಿತನಗಳನ್ನೂ ಕೊರತೆಗಳನ್ನೂ ಬರೆಯಿರಿ ಎಂದರೆ, ಅವಳು ಎಡಗಡೆ ಗಟ್ಟಿತನ, ಬಲಗಡೆ ಕೊರತೆ ಬರೆದಳು. ಕೊರತೆ ಒಂದು ಕಡಿಮೆ ಬಿತ್ತು. ಅದಕ್ಕೆ ಬಲಗಡೆ ಕೊನೆಯಲ್ಲಿ ‘ವ್ಯತ್ಯಾಸ’ ಎಂದು ಒಂದು ಸಾಲು ಸೇರಿಸಿ, ಎರಡೂ ಕಡೆ ಸಮ ಮಾಡಿ, ಗೆರೆ ಎಳೆದು ಕೊಟ್ಟಳು! ಇವಳು ಮನೆಗೆ ತಂದು ನನಗೆ ತೋರಿಸಿ ನಕ್ಕಳು, ಆಮೇಲೆ ಕೆಂಪು ಇಂಕಿನಲ್ಲಿ ಆ ಸಾಲನ್ನು ಹೊಡೆದುಹಾಕಿದಳು. ಆ ಹುಡುಗಿ ಮುಂದಿನ ಸಲವೂ ಹಾಗೇ ಬರೆದಳು, ಇವಳು ಮತ್ತೆ ಹೊಡೆದುಹಾಕಿದಳು. ಇಬ್ಬರೂ ಪಟ್ಟು ಬಿಡುವವರಲ್ಲ.

ಇಷ್ಟೆಲ್ಲ ಚೆನ್ನಾಗಿತ್ತು. ನನ್ನದು ಒಂದೇ ತಕರಾರು. ಬೆಳಿಗ್ಗೆ ಹಗಲಿನ ಕ್ಲಾಸು, ಸಾಯಂಕಾಲ ಕೆಲಸಕ್ಕೆ ಹೋಗುವವರ ಸಂಜೆ ಕ್ಲಾಸು, ಭಾನುವಾರ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಡೌಟು ಕೇಳುವವರ ಜಾತ್ರೆ. ಎಲ್ಲ ಮುಗಿಸಿ ಮನೆಗೆ ಬರುವಾಗ ಅವಳ ಗಂಟಲಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಬಟ್ಟೆ ಕತ್ತರಿಸಿದ ಮೇಲೆ ಉಳಿಯುವ ಚೂರುಗಳಿರುತ್ತವಲ್ಲ, ಅಂಥ ಮಾತುಗಳು ನನ್ನ ಪಾಲಿಗೆ. ಮುಖ್ಯವಾಗಿ ‘ರೀ’. ಅದರಲ್ಲೇ ಎಲ್ಲ ಅಡಗಿಸಿಬಿಡುತ್ತಿದ್ದಳು. ಗಿಡ್ಡ ‘ರೀ’ ಅಂದರೆ ಬಾಗಿಲು ತಟ್ಟುತ್ತಿದ್ದಾರೆ, ನೋಡಿ. ಎಳೆದ ‘ರೀ’ ಅಂದರೆ ಒದ್ದೆ ಟವೆಲ್ಲು ಮತ್ತೆ ಕುರ್ಚಿಯ ಮೇಲಿದೆ. ಮೆತ್ತಗಿನ ‘ರೀ’ ಒಂದಿತ್ತು, ಅದು ಅಪರೂಪ. ಅದಕ್ಕೆ ಅರ್ಥವೇ ಇರಲಿಲ್ಲ. ‘ಏನು?’ ಎಂದರೆ ‘ಏನಿಲ್ಲ’ ಎನ್ನುತ್ತಿದ್ದಳು.

ಈ ವರ್ಷ ಅವಳ ಧ್ವನಿ ಒಡೆಯತೊಡಗಿತು. ಮೊದಲು ಶೀತ ಎಂದುಕೊಂಡೆವು. ಬಿಸಿನೀರು, ಕಷಾಯ, ಮಫ್ಲರು ಎಲ್ಲ ಆಯಿತು. ಒಂದು ಸಂಜೆ ಕ್ಲಾಸಿನ ನಡುವೆ ಬಾಯಿ ತೆರೆದರೆ ಗಾಳಿ ಮಾತ್ರ ಬಂತಂತೆ. ಗಂಟಲಿನ ಡಾಕ್ಟರು ಕನ್ನಡಿ ಹಾಕಿ ನೋಡಿ, ಧ್ವನಿಯ ತಂತುಗಳ ಮೇಲೆ ಗಂಟುಗಳಾಗಿವೆ ಎಂದರು. ‘ಕೆಲವು ವಾರ ಒಂದಕ್ಷರ ಮಾತಾಡಬೇಡಿ. ಪಿಸುಗುಟ್ಟಲೂ ಬೇಡಿ. ವಾಸಿಯಾದ ಮೇಲೂ ದಿನಕ್ಕೆ ಒಂದು ಗಂಟೆಯಷ್ಟೇ ಮಾತು. ಮೊದಲಿನ ಹಾಗೆ ಶುರು ಮಾಡಿದರೆ ಧ್ವನಿ ಹೋಗುತ್ತೆ ಮೇಡಂ, ಮತ್ತೆ ಬರಲ್ಲ.’ ಇವಳು ಡಾಕ್ಟರನ್ನು ತಪ್ಪು ಉತ್ತರ ಹೇಳಿದ ವಿದ್ಯಾರ್ಥಿಯ ಹಾಗೆ ನೋಡುತ್ತಿದ್ದಳು.

ಪ್ರಿನ್ಸಿಪಾಲರು ಮನೆಗೇ ಬಂದರು. ಒಳ್ಳೆಯವರು. ‘ನೀವು ಹಗಲಿನ ಕ್ಲಾಸ್ ಇಟ್ಕೊಳ್ಳಿ ಮೇಡಂ. ಸಂಜೆಯವರು ಕೆಲವೇ ಜನ, ಅವರಿಗೆ ಈ ವಿಷಯ ಬೇಡ, ಬದಲಿಗೆ ಟ್ಯಾಕ್ಸ್ ಕ್ಲಾಸ್ ಹಾಕ್ತೀವಿ. ಇಲ್ಲ, ಬೇರೆ ಏನಾದ್ರೂ ಅಂದ್ಕೊಂಡಿದ್ರೆ ತಿಂಗಳ ಕೊನೆ ಒಳಗೆ ತಿಳಿಸಿ’ ಎಂದರು. ಹಗಲಿನ ಕ್ಲಾಸು ದೊಡ್ಡದು, ಸಂಬಳವೂ ಅದಕ್ಕೇ ಹೆಚ್ಚು. ಯಾರು ಕೂಡಿ ಕಳೆದರೂ ಅದೇ ಉತ್ತರ. ಇವಳು ತಲೆ ಆಡಿಸಿದಳು. ಹೌದೆಂದೋ ಅಲ್ಲವೆಂದೋ ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಆ ವಾರಗಳಲ್ಲಿ ಅವಳು ಹಗಲೆಲ್ಲ ಅಂಗಡಿಗೆ ಬಂದು ಕೂರುತ್ತಿದ್ದಳು. ಬಟ್ಟೆಗೆ ಗುರುತು ಹಾಕುವ ನನ್ನ ಚಾಕ್‌ಪೀಸು ತೆಗೆದುಕೊಂಡು ಕಟಿಂಗ್ ಮೇಜಿನ ಮೇಲೆಯೇ ಬರೆಯುತ್ತಿದ್ದಳು. ಕಪ್ಪು ಮರ, ಬಿಳಿ ಅಕ್ಷರ, ಥೇಟ್ ಕ್ಲಾಸಿನ ಬೋರ್ಡು. ನನ್ನನ್ನು ಕರೆಯಬೇಕಾದಾಗ ಕತ್ತರಿಯಿಂದ ಮೇಜಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದಳು. ಆ ಸದ್ದಿಗೆ ನಾನು ತಿರುಗುತ್ತಿದ್ದೆ ನಿಜ, ಆದರೆ ಅದು ‘ರೀ’ ಅಲ್ಲ. ಮನೆಯಲ್ಲಿ ಅದೊಂದು ಸದ್ದು ಇಲ್ಲದೆ ನನಗೆ ಅನ್ನ ಸೇರುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೀಗೆ ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ಅವಳು ಪಕ್ಕದಲ್ಲೇ ಕೂತಿದ್ದರೂ ನನಗೆ ಅವಳ ನೆನಪಾಗುತ್ತಿತ್ತು.

‘ಯಾವುದು ಬಿಡ್ತೀಯ?’ ಎಂದು ನಾನು ಒಂದು ದಿನ ಕೇಳಿಯೇಬಿಟ್ಟೆ. ಅವಳು ಮೇಜಿನ ಮೇಲೆ ‘ಹಗಲು, ಸಂಜೆ, ಭಾನುವಾರ’ ಎಂದು ಬರೆದು ಬಹಳ ಹೊತ್ತು ನೋಡಿದಳು. ಯಾವುದನ್ನೂ ಅಳಿಸಲಿಲ್ಲ.

ನನಗೆ ರೇಗಿಹೋಯಿತು. ‘ಊರಿಗೆಲ್ಲ ಬಿಡೋದು ಹೇಗೆ ಅಂತ ಕಲಿಸ್ತೀಯ, ನಿನಗೊಂದು ಬಿಡೋಕೆ ಬರಲ್ಲ. ಎಲ್ಲ ಬಿಟ್ಟು ಮನೇಲಿರು. ಅಂಗಡಿ ಇಲ್ವಾ ನಮಗೆ?’

ಅವಳು ಚಾಕ್‌ಪೀಸು ತೆಗೆದುಕೊಂಡು ಬರೆದಳು: ‘ಆಮೇಲೆ ನಾನು ಯಾರು?’

ಬರೆದು ಅತ್ತಳು. ಸದ್ದು ಮಾಡುವ ಹಾಗಿಲ್ಲವಲ್ಲ, ಬಾಯಿ ಮುಚ್ಚಿಕೊಂಡು, ಭುಜ ಅಲುಗಿಸುತ್ತ ಅತ್ತಳು. ನಾನು ಮಿಷನ್ನು ಬಿಟ್ಟು ಎದ್ದು ಅವಳ ಪಕ್ಕ ಕೂತೆ. ಏನು ಹೇಳಬೇಕೋ ಗೊತ್ತಾಗದೆ ಅವಳ ಸೆರಗಿನ ಅಂಚು ಬಿಚ್ಚಿರುವುದನ್ನು ಕಂಡು, ‘ಇದನ್ನ ಹೊಲಿದು ಕೊಡ್ಲಾ?’ ಎಂದೆ. ಅಳುತ್ತಲೇ ನಕ್ಕಳು.

ತಿಂಗಳ ಕೊನೆಯ ಭಾನುವಾರ ನಾನು ಬೆಂಚು ಒರೆಸಿರಲಿಲ್ಲ, ಟೀಯನ್ನೂ ಹೇಳಿರಲಿಲ್ಲ. ಈ ವರ್ಷ ಅಂಗಡಿ ಮುಚ್ಚುವವರು ಯಾರೂ ಬರುವುದಿಲ್ಲ ಎಂದುಕೊಂಡಿದ್ದೆ. ಆದರೆ ಸಂಜೆ ಕ್ಲಾಸಿನವರು ಬಂದರು. ಮುಂದೆ ಡಬಲ್ ಗೆರೆ, ಅವಳ ಹಿಂದೆ ಡ್ಯೂಟಿಯ ಬಟ್ಟೆಯಲ್ಲೇ ಬಂದ ಬಸ್ ಕಂಡಕ್ಟರ್, ಇನ್ನು ನಾಲ್ಕೈದು ಜನ. ಯಾರೂ ಹೇಳದಿದ್ದರೂ ಒಬ್ಬೊಬ್ಬರಾಗಿ ಬಟನ್ ಡಬ್ಬಕ್ಕೆ ಕ್ಯಾಲ್ಕ್ಯುಲೇಟರ್ ಹಾಕಿದರು. ಇವಳು ಮೂಲೆಯ ಕುರ್ಚಿಯಿಂದ ನೋಡುತ್ತಿದ್ದಳು.

‘ಮುಚ್ಚೋಕೆ ಬಂದ್ರಾ?’ ಎಂದೆ.

‘ಈ ಸಲ ನಿಮ್ಮ ಅಂಗಡಿ ಅಲ್ಲ ಸಾರ್’ ಎಂದ ಕಂಡಕ್ಟರ್. ‘ಪಾಠಕ್ಕೆ ಮೇಡಂ ಅವರನ್ನೇ ತಗೊಂಡಿದ್ದೀವಿ.’

ಅವನು ಗಂಟಲು ಸರಿಮಾಡಿಕೊಂಡು ನಿಂತ. ಬಸ್ಸಿನಲ್ಲಿ ಅಷ್ಟು ಜನರ ನಡುವೆ ಕೂಗುವವನಿಗೆ ಆವತ್ತು ಧ್ವನಿ ಏಳಲಿಲ್ಲ. ‘ಮೇಡಂ, ನಾವು ಯೋಚನೆ ಮಾಡಿದ್ವಿ. ಪ್ರಿನ್ಸಿಪಾಲ್ ಹೇಳಿದ್ದು ನಮ್ಮ ಕಿವಿಗೂ ಬಿತ್ತು. ದಿನಕ್ಕೆ ಒಂದು ಗಂಟೆ ಮಾತು. ಹಗಲಿನವರು ಜಾಸ್ತಿ ಜನ, ನಾವು ಕಡಿಮೆ. ಅದರಲ್ಲೂ ಅರ್ಧ ಜನ ನಿದ್ದೆ ಮಾಡ್ತೀವಿ. ನೀವು ನಮ್ಮನ್ನ ಬಿಡಬೇಕು.’ ಇಷ್ಟು ಹೇಳಿ ತಲೆ ತಗ್ಗಿಸಿದ.

ನನ್ನ ಕಣ್ಣು ತುಂಬಿ ಬಂತು. ತಮ್ಮನ್ನು ಬಿಡಿ ಎಂದು ಹೇಳಲು ವಾರವೆಲ್ಲ ದುಡಿದ ಮಕ್ಕಳು ಭಾನುವಾರವೂ ನಡೆದುಕೊಂಡು ಬಂದಿದ್ದರು.

ಇವಳು ಎದ್ದು ಮೇಜಿನ ಹತ್ತಿರ ಬಂದಳು. ಚಾಕ್‌ಪೀಸು ತೆಗೆದುಕೊಂಡು ಬರೆದಳು: ‘ಯಾಕೆ?’

ಕಂಡಕ್ಟರ್ ಮತ್ತೆ ಅದನ್ನೇ ಹೇಳಿದ. ಜನ ಕಡಿಮೆ, ಸಂಬಳ ಕಡಿಮೆ, ಸಾಯಂಕಾಲ ನಿಮಗೂ ಸುಸ್ತು.

ಇವಳು ಬರೆದಳು: ‘ಮತ್ತೆ ನೋಡಿ.’

ಡಬಲ್ ಗೆರೆ ಮೇಜಿನ ಮೇಲಿನ ಆ ಮಾತುಗಳನ್ನೇ ದಿಟ್ಟಿಸಿ ನೋಡುತ್ತಿದ್ದಳು. ಆಮೇಲೆ, ‘ಮೇಡಂ, ಒಂದು ಮಾತು. ಬೈಬೇಡಿ’ ಎಂದಳು. ಪಾಪ, ಬೈಯಲು ಇವಳಿಗೆ ಧ್ವನಿ ಎಲ್ಲಿತ್ತು! ‘ನಾವು ಯಾವ ಕ್ಲಾಸ್ ಬಿಡಬೇಕು ಅಂತಾನೇ ನೋಡ್ತಾ ಇದ್ವಿ. ಮೇಡಂ ಅವರ ಮಾತು ಎಲ್ಲಿ ಖರ್ಚಾಗುತ್ತೆ ಅಂತ ನೋಡಲಿಲ್ಲ. ಹಗಲು ಅವರು ನೋಟ್ಸ್ ಹೇಳ್ತಾರೆ, ಜೋರಾಗಿ, ಕೊನೆ ಬೆಂಚಿಗೂ ಕೇಳೋ ಹಾಗೆ. ಅದನ್ನ ಈಗ ಮೇಡಂ ಬದಲಿಗೆ ಬರ್ತಿರೋ ಹೊಸ ಸಾರ್ ಕೂಡ ಹೇಳ್ಬಹುದು. ಸಂಜೆ ನಮಗೂ ಅದನ್ನೇ ಹೇಳ್ತಾರೆ, ಯಾಕಂದ್ರೆ ನಾವು ಸುಸ್ತಾಗಿ ಬಾಯೇ ಬಿಡಲ್ಲ. ಆದ್ರೆ ನನಗೆ ನೆನಪಿರೋದು ನೋಟ್ಸ್ ಅಲ್ಲ. ಯಾಕೆ, ಏನು ಬಿಡ್ತೀರಿ, ಮತ್ತೆ ನೋಡಿ. ಅಷ್ಟೇ. ಈಗ ತಾನೆ ಅದನ್ನ ಚಾಕ್‌ಪೀಸಲ್ಲೇ ಕೇಳಿದ್ರಲ್ಲ.’

ಅವಳು ಉಸಿರು ತೆಗೆದುಕೊಂಡಳು. ‘ಹಗಲಿನ ಕ್ಲಾಸ್ ಬಿಡಿ ಮೇಡಂ. ನಮ್ಮ ಕ್ಲಾಸಲ್ಲಿ ಮಾತಾಡೋದನ್ನ ಬಿಡಿ. ನಾವು ಮಾತಾಡ್ತೀವಿ. ನೀವು ಕೇಳಿ.’

‘ಭಾನುವಾರಾನೂ ಬಿಡ್ಲಿ’ ಎಂದ ಹಿಂದಿನಿಂದ ಕಂಡಕ್ಟರ್. ‘ಡೌಟ್ ಇದ್ರೆ ನಮ್ಮಲ್ಲೇ ಕೇಳ್ಕೊಳ್ತೀವಿ.’

ಇವಳು ‘ಯಾಕೆ?’ ಎಂದು ಬರೆಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಬರೆಯಲಿಲ್ಲ. ಚಾಕ್‌ಪೀಸನ್ನು ಡಬಲ್ ಗೆರೆಯ ಕೈಗೆ ಕೊಟ್ಟಳು. ಬರೆದು ತೋರಿಸು ಎಂದು ಕಣ್ಣಲ್ಲೇ ಹೇಳಿದಳು.

ಅಕೌಂಟ್ಸ್ ಹುಡುಗಿಗೆ ಚಾಕ್‌ಪೀಸು ಕೊಟ್ಟರೆ ಇನ್ನೇನು ಮಾಡುತ್ತಾಳೆ? ನಡುವೆ ಗೆರೆ ಎಳೆದಳು. ಎಡಗಡೆ ಬರೆದಳು: ‘ಡಾಕ್ಟರ್ ಕೊಟ್ಟ ಮಾತು, ಒಂದು ಗಂಟೆ.’ ಬಲಗಡೆ ಬರೆದಳು: ‘ಸಂಜೆ ಕ್ಲಾಸು, ಐದು ನಿಮಿಷ.’ ನಿಂತಳು. ಎರಡು ಕಡೆ ಸಮ ಇಲ್ಲ. ಅವಳ ಕೈ ತಡೆಯಲಿಲ್ಲ, ಕೆಳಗೆ ‘ವ್ಯತ್ಯಾಸ’ ಎಂದು ಬರೆದಳು. ಕಂಡಕ್ಟರ್ ಕಿಸಕ್ಕನೆ ನಕ್ಕ. ಅವಳು ಮುಖ ಕೆಂಪು ಮಾಡಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ಅದರ ಮುಂದೆ ಇನ್ನೆರಡು ಮಾತು ಸೇರಿಸಿದಳು: ‘ಸಾರ್ ಪಾಲಿಗೆ.’ ಮಿಷನ್ನಿನ ಪಕ್ಕದಿಂದ ನನ್ನ ಸ್ಕೇಲು ತೆಗೆದುಕೊಂಡು ಎರಡು ಗೆರೆ ಎಳೆದಳು.

ಇವಳು ಆ ಸಾಲನ್ನು ನೋಡಿದಳು. ನಾನು ಬೇರೆ ಕಡೆ ತಿರುಗಿ ಸೂಜಿಗೆ ದಾರ ಪೋಣಿಸುವವನ ಹಾಗೆ ನಟಿಸಿದೆ. ಕಣ್ಣು ಮಂಜಾಗಿ ಸೂಜಿಯೇ ಕಾಣುತ್ತಿರಲಿಲ್ಲ. ಹೊಡೆದುಹಾಕುತ್ತಾಳೆ ಎಂದುಕೊಂಡೆ. ಅವಳು ಹುಡುಗಿಯ ತಲೆ ನೇವರಿಸಿದಳು, ಸಾಲನ್ನು ಮುಟ್ಟಲಿಲ್ಲ.

ಮರುದಿನವೇ ಪ್ರಿನ್ಸಿಪಾಲರಿಗೆ ಬರೆದು ಕೊಟ್ಟಳು. ಹಗಲಿನ ಕ್ಲಾಸು ಹೊಸ ಮೇಷ್ಟ್ರಿಗೆ, ಸಂಜೆಯದ್ದು ತನಗೆ. ಅವರು ಕನ್ನಡಕ ತೆಗೆದು ಒರೆಸಿ, ‘ಯೋಚನೆ ಮಾಡಿದ್ದೀರಾ?’ ಎಂದರಂತೆ. ನಮ್ಮ ಮನೆಯ ಖರ್ಚು ಬಿಗಿಯಾಗುತ್ತದೆ, ಅದು ನಮಗೂ ಗೊತ್ತು. ನಾನು ಇನ್ನಷ್ಟು ಆಲ್ಟರೇಶನ್ ತೆಗೆದುಕೊಳ್ಳುತ್ತೇನೆ. ಈಗ ಸರಿಯಾದ ಕಾರಣವೂ ಇದೆ.

ಮೇಜಿನ ಆ ಮೂಲೆಯನ್ನು ನಾನು ಒರೆಸಲಿಲ್ಲ. ಉಳಿದರ್ಧ ಮೇಜಿನ ಮೇಲೆಯೇ ಬಟ್ಟೆ ಹಾಸಿ, ಒಂದು ಪ್ಯಾಂಟಿಗೂ ಅದನ್ನು ಅತ್ತ ಇತ್ತ ತಿರುಗಿಸಿ ತಿರುಗಿಸಿ ಕತ್ತರಿಸಿದೆ. ಗಿರಾಕಿಗಳು ವಿಚಿತ್ರವಾಗಿ ನೋಡಿದರು, ನೋಡಲಿ.

ವಾರಗಳು ಕಳೆದು ಡಾಕ್ಟರು ಮತ್ತೆ ಗಂಟಲು ನೋಡಿ, ‘ಇವತ್ತಿಂದ ಮಾತಾಡಬಹುದು, ಮೆಲ್ಲಗೆ’ ಎಂದರು. ಆಸ್ಪತ್ರೆಯಿಂದ ಬರುವಾಗ ದಾರಿಯುದ್ದಕ್ಕೂ ಅವಳ ಬಾಯಿ ನೋಡಿದೆ. ತುಟಿ ಬಿಚ್ಚಲಿಲ್ಲ. ಕ್ಲಾಸಿಗೆ ಎಂದು ಉಳಿಸಿಕೊಳ್ಳುತ್ತಿದ್ದಾಳೆ, ಇನ್ನೇನು ಎಂದು ಮನಸ್ಸು ಸಪ್ಪಗಾಯಿತು. ಸಂಜೆ ಕಾಲೇಜಿಗೆ ಬಿಟ್ಟು, ತಡೆಯಲಾರದೆ ಕಿಟಕಿಯಿಂದ ಇಣುಕಿದೆ. ಕಂಡಕ್ಟರ್ ಎದ್ದು ನಿಂತು ಕೈ ಬೀಸಿ ಬೀಸಿ ಮಾತಾಡುತ್ತಿದ್ದ. ಡಬಲ್ ಗೆರೆ ಅವನಿಗೆ ಅಡ್ಡ ಹಾಕುತ್ತಿದ್ದಳು. ಯಾರೂ ನಿದ್ದೆ ಮಾಡುತ್ತಿರಲಿಲ್ಲ. ಇವಳು ಬೋರ್ಡಿನ ಪಕ್ಕ ಕೈ ಕಟ್ಟಿಕೊಂಡು ನಿಂತಿದ್ದವಳು, ತಿರುಗಿ ಒಂದು ಮಾತು ಬರೆದಳು, ಮತ್ತೆ ಸುಮ್ಮನೆ ನಿಂತಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ. ಕ್ಲಾಸು ಮುಗಿಯುವವರೆಗೂ ಅವಳು ಬಾಯಿ ತೆರೆಯಲೇ ಇಲ್ಲ.

ಅವಳಿಗಿಂತ ಮುಂಚೆ ಅಂಗಡಿಗೆ ಬಂದು ನಾನು ಬಾಕಿ ಇದ್ದ ಒಂದು ಕಾಲರ್ ಹಿಡಿದು ಮಿಷನ್ನಿಗೆ ಕೂತೆ. ಅವಳು ಬಂದದ್ದು ಗೊತ್ತಾಯಿತು, ಚೀಲ ಇಟ್ಟ ಸದ್ದು, ಕುರ್ಚಿ ಎಳೆದ ಸದ್ದು. ಕತ್ತರಿಯ ಟಕ್ ಟಕ್‌ಗೆ ಕಿವಿ ಕೊಟ್ಟು ಹೊಲಿಯುತ್ತಿದ್ದೆ.

‘ರೀ.’

ಒರಟಾಗಿತ್ತು, ಸ್ವಲ್ಪ ನಡುಗುತ್ತಿತ್ತು. ಮೆತ್ತಗಿನದ್ದು. ನನ್ನ ಕಾಲು ಪೆಡಲ್ ಮೇಲೆ ಹಾಗೇ ನಿಂತಿತು.

‘ಏನು?’ ಎಂದೆ.

‘ಏನಿಲ್ಲ’ ಎಂದಳು.